ಕೌದಿ ಪದದ ನಾಲ್ಕನೇ ನುಡಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅಂದು ನನ್ನ ಹಿಂದೆ ಕುಳಿತು ಹಾಡಿದ ಆರೂ ಮಂದಿ ಇನ್ನೂ ಬದುಕಿದ್ದಾರೆ. ಶಹಾಬಾದಿಗೆ ಬಂದು ಯಾರನ್ನಾದರೂ ಕೇಳಿ ನೋಡಿ.

ನಾನು ಮೂವತ್ತು ವರ್ಷದಿಂದ ಹಾಡುವವಳು. ಮದುವೆಗೆ ಸಿನಿಮಾ ಹಾಡು, ಮೊಹರಮ್ಮಿಗೆ ಅಲಾಯಿ ಪದ, ಸತ್ತವರ ಮನೆಗೆ ಭಜನೆ... ಯಾವುದಕ್ಕೂ ಒಲ್ಲೆ ಅಂದವಳಲ್ಲ. ಜನ ಹೆಚ್ಚಾಗಿ ಕರೆಯುವುದು ಯಾರಿಗೂ ಗೊತ್ತಿರದ ಪದಗಳಿಗೆ. ಅಂಥ ಪದ ಹಿಡಿದು ಮಂದಿಯನ್ನು ಅಳಿಸುತ್ತೇನೆ. ನಿಜ ಹೇಳಲಾ? ಗೊತ್ತಿರದ ಪದದಲ್ಲಿ ಒಂದು ಸಾಲು ತಪ್ಪಿದರೆ ಹಿಡಿಯುವವರು ಯಾರೂ ಇರುವುದಿಲ್ಲ. ದನಿಯಲ್ಲಿ ಒಂದಿಷ್ಟು ಅಳು ಬೆರೆಸಿದರೆ ಮುಗಿಯಿತು.

ಕೌದಿ ಪದ ಕಲಿಸಿದ್ದು ನಮ್ಮ ಓಣಿಯ ಮುದುಕಿ ನೀಲಮ್ಮಾಯಿ. ಹರಕು ಬಟ್ಟೆ ಜೋಡಿಸಿ ಕೌದಿ ಹೊಲಿಯುವ ಹೆಂಗಸಿನ ತತ್ವಪದ ಅದು. ಒಂದೊಂದು ನುಡಿಗೆ ಒಂದೊಂದು ತುಂಡು: ತಾಯಿಯ ಸೀರೆ, ಗಂಡನ ಧೋತರ, ಸತ್ತ ಕೂಸಿನ ಅಂಗಿ. ನಾಲ್ಕನೆಯದು ಅಂಕಿತದ ನುಡಿ, ಪದ ಕಟ್ಟಿದವರ ಹೆಸರು ಬರುವುದು ಅದರಲ್ಲೇ. ಅದನ್ನು ಹೇಳಿಕೊಡುವ ದಿನ ನನಗೆ ಸೇಡಮ್ಮಿನಲ್ಲಿ ಮದುವೆ ಕಾರ್ಯಕ್ರಮ. ಹೊರಗೆ ಜೀಪು ಹಾರ್ನ್ ಹೊಡೆಯುತ್ತಿತ್ತು, ನನ್ನ ಕಿವಿಯೆಲ್ಲ ಅತ್ತಲೇ.

“ಬಂತೇನವ್ವ ಪೂರಾ?” ಅಂದಳು ಆಯಿ.

“ಬಾಯಿಪಾಠ ಆಗ್ಯದ ಆಯಿ!” ಅಂದೆ. ಹಸಿ ಸುಳ್ಳು.

“ನಾ ಹ್ವಾದ ದಿನ ನನ್ನ ಮುಂದ ಕುಂತು ಹಾಡು. ಅಂಕಿತ ಬಿಡಬ್ಯಾಡ. ಈ ಪದ ನನ್ನ ಬಿಟ್ರ ನಿನಗಷ್ಟೇ ಬರ್ತದ.”

ಹೋದ ವರ್ಷ ಆಯಿ ತೀರಿಕೊಂಡಳು. ಲಿಂಗಾಯತರ ಪದ್ಧತಿಯಂತೆ ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಊದಿನಕಡ್ಡಿ, ಚೆಂಡುಹೂವಿನ ವಾಸನೆ, ಕಾಲಡಿ ಹಾಸುಗಲ್ಲಿನ ತಂಪು... ರಾತ್ರಿ ಭಜನೆ ಶುರುವಾಯಿತು. ಆಯಿಯ ಮಗಳು ಗಂಗಮ್ಮ ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಬಂದು ನನ್ನ ಸೆರಗು ಹಿಡಿದಳು.

“ಅಕ್ಕಾ, ಅವ್ವನ ಪದ ಹಾಡ್ರಿ. ಪೂರಾ ಹಾಡ್ರಿ. ಅಕಿ ಅದನ್ನೇ ಕಾಯಾಕತ್ತಾಳ್ರಿ.”

ಸೆರಗು ಬಿಡಿಸಿಕೊಂಡು ಆಯಿಯ ಮುಂದೆ ಹೋಗಿ ಕುಳಿತೆ.

ಭಜನೆಯಲ್ಲಿ ನಾನು ಒಂದು ಸಾಲು ಹಾಡಬೇಕು, ಹಿಂದಿನವರು ಅದನ್ನೇ ಎತ್ತಿಕೊಳ್ಳಬೇಕು. ತಾಯಿಯ ಸೀರೆಯನ್ನು ಮೆತ್ತಗೆ ಹಾಡಿದೆ. ಧೋತರಕ್ಕೆ ದನಿಯಲ್ಲಿ ಚೂರು ಮುನಿಸು ತಂದೆ. ಕೂಸಿನ ಅಂಗಿಯ ಹೊತ್ತಿಗೆ ಮನೆಯೆಲ್ಲ ಬಿಕ್ಕುತ್ತಿತ್ತು. ಗಂಗಮ್ಮ ಮಾತ್ರ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಮೂರು ನುಡಿ ಮುಗಿದವು. ಪಲ್ಲವಿ ಹಾಡಿದೆ. ಮತ್ತೆ ಪಲ್ಲವಿ. ಮತ್ತೆ...

ದಮ್ಮಡಿ ಬಾರಿಸುತ್ತಿದ್ದ ಖಾಜಾ ಮಾಮಾ ನನ್ನತ್ತ ವಾಲಿದರು. “ಮುಂದಿನ ನುಡಿ ಹಿಡಿಯವ್ವ ಕಸ್ತೂರಿ! ಎಷ್ಟು ಸಲ ಅದನ್ನೇ ತಿರುಗಸ್ತಿ?”

ಬೇರೆ ದಿನವಾಗಿದ್ದರೆ ಏನೋ ಒಂದು ಕಟ್ಟಿ ಹಾಡಿಬಿಡುತ್ತಿದ್ದೆ. ಆದರೆ ಎದುರಿಗೆ ಆಯಿ ಕುಳಿತಿದ್ದಾಳೆ! ಅಯ್ಯೋ ದೇವರೇ, ಬರುವುದಿಲ್ಲ ಅಂತ ಈಗ ಯಾವ ಮುಖ ಇಟ್ಟುಕೊಂಡು ಹೇಳಲಿ... ತುಟಿ ಕಚ್ಚಿಕೊಂಡು ಸುಮ್ಮನಾಗಿಬಿಟ್ಟೆ.

ದಮ್ಮಡಿ ನಿಲ್ಲಲಿಲ್ಲ. ಒಂದು ಸಾಲು ಹಾಡುವಷ್ಟು ಹೊತ್ತು ಬರೀ ತಾಳ. ನನ್ನ ಕಿವಿಯ ಪಕ್ಕದಲ್ಲೇ ಮಿಶ್ರಿಯ ವಾಸನೆ, ಆಯಿ ಹಲ್ಲಿಗೆ ತಿಕ್ಕುತ್ತಿದ್ದ ಸುಟ್ಟ ತಂಬಾಕಿನದು...

ಆಮೇಲೆ ಹಿಂದಿನ ಆರೂ ಮಂದಿ ಒಟ್ಟಿಗೆ ಒಂದು ಸಾಲು ಎತ್ತಿಕೊಂಡರು. ನಾನು ಕೊಡದ ಸಾಲು!

ಮತ್ತೆ ಬರೀ ತಾಳ. ಮತ್ತೆ ಅವರ ದನಿ. ಹೀಗೇ ಕೊನೆಯವರೆಗೆ. ಗಂಗಮ್ಮ “ಅವ್ವಾ...” ಅಂತ ಚೀರಿ ನನ್ನ ಮಡಿಲಲ್ಲಿ ಬಿದ್ದು ಅತ್ತಳು. ನಾನು ಅವಳ ತಲೆ ಸವರುತ್ತಿದ್ದೆ.

ಭಜನೆ ಮುಗಿದ ಮೇಲೆ ಅಂಗಳದಲ್ಲಿ ಮಾಮಾನನ್ನು ಹಿಡಿದುಕೊಂಡೆ. “ಮಾಮಾ, ಕಡೀ ನುಡಿ ಯಾರ್ ಹಾಡಿದ್ರು?”

“ಹುಚ್ಚು ಹಿಡದದೇನವ್ವ ನಿನಗ? ನೀ ಹಾಡಿದಿ, ನಾವು ಎತ್ತಕೊಂಡ್ವಿ. ಭಾಳ ಛಲೋ ಹಾಡಿದಿ.”

“ಏನಿತ್ತು ಅದರಾಗ? ಯಾವ ತುಂಡು ಹೊಲದಳು?”

ಮಾಮಾ ನೆನಪಿಸಿಕೊಳ್ಳಲು ಬೆರಳಲ್ಲಿ ತಾಳ ಹಾಕಿದರು, ಒಂದು ಸಾಲೂ ಬರಲಿಲ್ಲ. ಉಳಿದವರಿಗೂ ಒಂದು ಮಾತೂ ನೆನಪಿರಲಿಲ್ಲ. ನನಗೂ ಅಷ್ಟೇ, ಕೇಳಿದ್ದು ಗೊತ್ತು, ಏನೂ ಉಳಿದಿಲ್ಲ.

ಆ ರಾತ್ರಿ ಮುಗಿಯಿತು ಅಂದುಕೊಂಡಿದ್ದೆ. ಆದರೆ ಮೊನ್ನೆ ಸಂಜೆ ಗಂಗಮ್ಮ ಗಂಡನ ಮನೆಯಿಂದ, ಚಿತ್ತಾಪುರದಿಂದ, ನೋಟ್‌ಬುಕ್ಕು ಹಿಡಿದು ಬಂದಳು.

“ಅವ್ವನ ಪದ ಹೇಳ್ರಿ ಅಕ್ಕಾ, ಬರಕೊಳ್ತೀನಿ. ನೀವೂ ಹ್ವಾದ್ರ ಯಾರಿಗಿ ಬರ್ತದ?”

ಮೂರು ನುಡಿ ಹೇಳಿದೆ, ಬರೆದುಕೊಂಡಳು. ಇನ್ನು ಈ ಸುಳ್ಳು ಸಾಕು, ಕಾಲು ಹಿಡಿದಾದರೂ ನಿಜ ಹೇಳಿಬಿಡೋಣ ಅಂತ ಉಸಿರು ಎಳೆದುಕೊಂಡೆ. ಬಾಯಿ ಇನ್ನೂ ತೆರೆದಿರಲಿಲ್ಲ.

ಗಂಗಮ್ಮ ಬರೆಯತೊಡಗಿದಳು. ತಲೆ ಬಗ್ಗಿಸಿ, ಅವಸರ ಅವಸರವಾಗಿ. ಕಣ್ಣೀರು ಹಾಳೆಯ ಮೇಲೆ ಬೀಳುತ್ತಿತ್ತು.

“ಸಾವಕಾಶ ಹೇಳ್ರಿ ಅಕ್ಕಾ,” ಅಂದಳು ತಲೆ ಎತ್ತದೆ. “ನನ್ನ ಕೈ ಓಡವಲ್ದು.”

ಆ ನೋಟ್‌ಬುಕ್ಕು ಈಗ ಆಕೆಯ ಹತ್ತಿರ ಇದೆ. ತೋರಿಸು ಅನ್ನಲು ನನಗೆ ಧೈರ್ಯ ಸಾಲುತ್ತಿಲ್ಲ. ಅಂದಿನಿಂದ ನಾನು ಮಂದಿಯ ನಡುವೆ ಸುಮ್ಮನೆ ಕೂರುವುದಿಲ್ಲ, ಏನಾದರೂ ಮಾತಾಡುತ್ತಲೇ ಇರುತ್ತೇನೆ. ಸುಮ್ಮನಿರಲು ಹೆದರಿಕೆ, ನನಗೇ ಕೇಳಿಸದ ನನ್ನ ದನಿ ಮಂದಿಗೆ ಏನು ಹೇಳೀತೋ ಅಂತ.