ಪೇಚ್ಚಿ ಬರುವ ತನಕ ದೀಪವಿಲ್ಲ

ಇಲಂಜಿ ಬಸ್ ನಿಲ್ದಾಣದ ಎದುರು ನನ್ನ ಟೀ ಅಂಗಡಿ. ಅದರ ಗೋಡೆಗೆ ಅಂಟಿಕೊಂಡೇ ಮುಕ್ಕಾಂಡಿಯ ಕ್ಷೌರದಂಗಡಿ, ಹಿಂದೆಯೇ ಅವನ ಮನೆ. ನಡುವಿನ ಗೋಡೆ ಅರ್ಧಕ್ಕೇ ನಿಂತಿದ್ದರಿಂದ ಅವನ ಮಾತೆಲ್ಲ ನನ್ನ ಹಾಲಿನ ಪಾತ್ರೆಯ ಮೇಲೇ ಬಂದು ಬೀಳುತ್ತಿತ್ತು. ಅಂಥಿಂಥ ಮಾತುಗಾರನಲ್ಲ ಅವನು. ಗಿರಾಕಿಯ ಒಂದು ಕೆನ್ನೆ ಬೋಳಿಸಿ, ಇನ್ನೊಂದಕ್ಕೆ ನೊರೆ ಹಚ್ಚಿ, ಕತ್ತಿಯನ್ನು ಮೇಲೆತ್ತಿ ಹಿಡಿದು ಕತೆ ಶುರು ಮಾಡಿದನೆಂದರೆ ನೊರೆ ಒಣಗಿ ಉದುರಿದರೂ ಮುಗಿಯುತ್ತಿರಲಿಲ್ಲ. ತೆಂಕಾಶಿ ಬಸ್ಸು ಬಂದಾಗ ಅರ್ಧ ಮುಖ ಬೆಳ್ಳಗೆ ಇಟ್ಟುಕೊಂಡೇ ಓಡಿ ಹತ್ತಿದವರನ್ನು ನಾನೇ ಕಂಡಿದ್ದೇನೆ.

ಅವನ ಹೆಂಡತಿ ಪೇಚ್ಚಿ ಸೂಲಗಿತ್ತಿ. ಅವರ ಮನೆತನದಲ್ಲಿ ಗಂಡಸರದು ಕತ್ತಿ, ಹೆಂಗಸರದು ಹೆರಿಗೆ. ಅಜ್ಜಿ ಮುತ್ತಜ್ಜಿಯರ ಕಾಲದಿಂದ ಬಂದದ್ದು. ನಮ್ಮ ಬೀದಿಯ ಮಕ್ಕಳಲ್ಲಿ ಹೆಚ್ಚಿನವು ಅವಳ ಕೈಯಲ್ಲೇ ಕಣ್ಣು ಬಿಟ್ಟವು. ಅವರಿಬ್ಬರಿಗೆ ಇದ್ದದ್ದು ಒಬ್ಬಳೇ ಮಗಳು, ಉಲಗು.

ಒಂದು ಆಡಿ ಮಾಸದಲ್ಲಿ, ಆಷಾಢದ ಗಾಳಿಯ ಹೊತ್ತಿಗೆ, ಮುರುಗನ ಗುಡಿಗೆ ಯಾರೋ ಪುರಾಣಿಕರು ಬಂದು ಸಿದ್ಧರ ದಾರಿಯ ಬಗ್ಗೆ ಮಾತಾಡಿದರು. ಆ ದಾರಿಗೆ ನಾಲ್ಕು ಮೆಟ್ಟಿಲಂತೆ. ಚರಿಯೆ ಎಂದರೆ ಕೈಯಾರೆ ಮಾಡುವ ಚಾಕರಿ. ಕ್ರಿಯೆ ಎಂದರೆ ಪೂಜೆ. ಯೋಗ ಎಂದರೆ ಉಸಿರನ್ನು ಅರಿಯುವುದು. ಕೊನೆಯದು ಜ್ಞಾನ, ಅದರ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ ಎಂದುಬಿಟ್ಟರಂತೆ ಪುರಾಣಿಕರು.

ಮರುದಿನ ಬೆಳಗ್ಗೆ ಮುಕ್ಕಾಂಡಿ ಗೋಡೆಯ ಮೇಲಿಂದ ತಲೆ ಚಾಚಿದ. "ಅಣ್ಣಾಚಿ, ನಂಗೆ ಆ ನಾಲ್ಕನೇದು ಬೇಕು. ಹೇಳೋಕೇ ಏನೂ ಇಲ್ವಂತೆ! ಅಂಥದ್ದು ಏನಿರಬಹುದು?"

ಹೇಳುವುದಕ್ಕೇ ಇಲ್ಲದ ಆ ಸಂಗತಿಯ ಮೇಲೆ ವಾರವಿಡೀ ಮಾತಾಡಿದ.

ಗಿರಾಕಿಯೊಬ್ಬ ಪಣ್ಪೊಳಿಯ ಕೊಳುಂದು ತಾತನ ಹೆಸರು ಹೇಳಿದ. ತಾತನದು ವೀಳ್ಯದೆಲೆಯ ತೋಟ. ತೋಟದ ಅಂಚಿನಲ್ಲಿ ಹಿಪ್ಪೆ ಮರದ ಕೆಳಗೆ ಅವರ ಪೂರ್ವಿಕರೊಬ್ಬರ ಸಮಾಧಿ. ಸಿದ್ಧರ ಪಾಠ ಆ ಮನೆಯಲ್ಲಿ ತಂದೆಯಿಂದ ಮಗನಿಗೆ ಇಳಿದು ಬಂದಿದೆ ಎಂದು ಜನ ಹೇಳುತ್ತಿದ್ದರು. ಮುಕ್ಕಾಂಡಿ ಸೈಕಲ್ ತುಳಿದುಕೊಂಡು ಹೋದ. ಮಧ್ಯಾಹ್ನಕ್ಕೆಲ್ಲ ಮುಖ ಇಳಿಬಿಟ್ಟುಕೊಂಡು ವಾಪಸ್ಸು ಬಂದ.

"ಏನಾಯ್ತೋ?" ಅಂದೆ.

"ಆ ತಾತನ ಹೆಂಡ್ತಿ, ವಡಿವಾಚ್ಚಿ ಅಂತೆ, ಅಂಗಳದಲ್ಲಿ ನಿಲ್ಲಿಸ್ಕೊಂಡು ಉಗೀತಿದ್ರು ಅಣ್ಣಾಚಿ. ತಂದ ಬದನೆಕಾಯೆಲ್ಲ ಹುಳುಕು. 'ಆರಿಸೋವಾಗ ಕಣ್ಣು ಎಲ್ಲಿಟ್ಟಿದ್ರಿ?' ಅಂತಾರೆ. ಇವರು ತಲೆ ಬಗ್ಗಿಸ್ಕೊಂಡು 'ಹುಳಾನೂ ಒಳ್ಳೇದನ್ನೇ ಆರಿಸಿದೆಯಲ್ಲೇ' ಅಂತಾರೆ. ಹೆಂಡ್ತಿ ಹತ್ರ ಬೈಸ್ಕೊಳ್ಳೋ ಗುರು ನಂಗ್ಯಾಕೆ? ಆ ಸಾಧನೆ ನಾನು ಮನೇಲೇ ಮಾಡ್ತಿದ್ದೀನಲ್ಲ!"

ಹಾಗೆಂದವನು ಮೂರನೆಯ ದಿನ ಮತ್ತೆ ಹೋದ. ತಾತ ಬೈಗುಳ ತಿನ್ನುತ್ತ ನಕ್ಕ ನಗು ಅವನ ಕಣ್ಣಿಂದ ಹೋಗಲೊಲ್ಲದಂತೆ. ಅವಮಾನ ಮುಚ್ಚುವ ನಗುವಲ್ಲ, ಮಗು ನಗುವ ಹಾಗಿತ್ತು ಅಂದ.

ತಾತ ಅವನಿಗೆ ಕೊಟ್ಟದ್ದು ಒಂದು ಪೊರಕೆ. ದಿನಾ ಬೆಳಗ್ಗೆ ಬಂದು ಸಮಾಧಿಯ ಅಂಗಳ ಗುಡಿಸಬೇಕು, ಹೂ ಬಿಡಿಸಬೇಕು, ದೀಪದ ಕಂಬ ಉಜ್ಜಬೇಕು. "ಆಮೇಲೆ ತಾತಾ?" ಎಂದು ಇವನು ಕೇಳಿದರೆ, "ಮೊದಲು ಕಸ" ಎಂದರಂತೆ.

ಮುಕ್ಕಾಂಡಿ ಉತ್ಸಾಹದಿಂದ ಗುಡಿಸಿದ. ಅದನ್ನು ಊರಿಗೆಲ್ಲ ಹೇಳಿಕೊಂಡೂ ಬಂದ. ಅಂಗಡಿಯ ಬಾಗಿಲು ತೆಗೆಯುವುದು ತಡವಾಗತೊಡಗಿತು. ಮನೆಯಲ್ಲಿ ನೀರು ಸೇದುವವರಿಲ್ಲ, ಉಲಗುವನ್ನು ಶಾಲೆಗೆ ಬಿಡುವವರಿಲ್ಲ. ಒಂದು ಶುಕ್ರವಾರ ಪೇಚ್ಚಿ ಸೆರಗು ಸಿಕ್ಕಿಸಿಕೊಂಡು ಬಸ್ಸು ಹತ್ತಿ ಪಣ್ಪೊಳಿಗೇ ಹೋದಳು. ಅಲ್ಲಿ ನಡೆದದ್ದನ್ನು ಇಬ್ಬರೂ ನನಗೆ ಬೇರೆ ಬೇರೆ ಹೇಳಿದ್ದಾರೆ. ಇಬ್ಬರ ಮಾತೂ ತಾಳೆಯಾಗುತ್ತದೆ.

"ನೀವೇನಾ ನನ್ನ ಗಂಡನ್ನ ಕಸ ಗುಡಿಸೋಕೆ ಇಟ್ಕೊಂಡಿರೋರು?" ಪೇಚ್ಚಿ ತೋಟದ ಬೇಲಿಯಲ್ಲೇ ನಿಂತು ಕೇಳಿದಳು. "ನಮ್ಮನೆ ಅಂಗಳ ಹೇಗಿದೆ ಅಂತ ಇವರಿಗೆ ಗೊತ್ತಾ, ಕೇಳಿ!"

ತಾತ ಪೊರಕೆ ಹಿಡಿದು ನಿಂತಿದ್ದ ಮುಕ್ಕಾಂಡಿಯ ಕಡೆ ತಿರುಗಿದರು. "ಹೌದೇನಪ್ಪ?"

"ಹೋದ ದೀಪಾವಳಿಗೆ ಗುಡಿಸಿದ್ದೆ ತಾತಾ..."

"ದೀಪಾವಳಿಗೂ ನಾನೇ ಗುಡಿಸಿದ್ದು. ಇವರು ಪಕ್ಕದಲ್ಲಿ ನಿಂತು ಕತೆ ಹೇಳಿದ್ರು!"

ಒಳಗಿನಿಂದ ವಡಿವಾಚ್ಚಿ ಓಡಿ ಬಂದು ಪೇಚ್ಚಿಯ ಕೈ ಹಿಡಿದರು. "ಬಾ ತಾಯಿ, ಒಳಗೆ ಬಾ. ಇಷ್ಟು ಜನ ಬಂದು ಇವರ ಕಾಲಿಗೆ ಬಿದ್ರು. ನ್ಯಾಯವಾಗಿ ಕೇಳೋಳು ಇವತ್ತು ಬಂದಳು."

ಅವತ್ತು ಅಲ್ಲೇ ಊಟ. ತೆಂಗಿನ ಹಾಲಿನ ಸೊದಿ, ಶುಂಠಿ ಪಚ್ಚಡಿ. ಊಟವಾದ ಮೇಲೆ ತಾತ ಎಲೆ ಮಡಿಸುತ್ತ ಹೇಳಿದರು. "ತಪ್ಪು ನಂದೇ. ಹೆಂಡ್ತೀನ ಬಿಟ್ಟು ಅರ್ಧ ಮೈಗೆ ಪಾಠ ಹೇಳೋಕೆ ಹೊರಟಿದ್ದೆ. ಅಲ್ಲಿ ಸಮಾಧೀಲಿ ಕೂತಿರೋ ನಮ್ಮಜ್ಜ ಮಕ್ಕಳೊಂದಿಗ, ಅಜ್ಜಿಯ ಜೊತೆ ಕೂತೇ ಸಾಧನೆ ಮಾಡಿದವನು. ಮುಕ್ಕಾಂಡಿ, ನಾಳೆಯಿಂದ ನಿನ್ನ ಮನೆ ಅಂಗಳ ಗುಡಿಸು. ಅಲ್ಲೇ ಒಂದು ದೀಪ ಇಡು. ದಿನಾ ಇಬ್ಬರೂ ಜೊತೆಗೆ ಕೂತು ಹಚ್ಚಬೇಕು. ಹಚ್ಚೋವರೆಗೆ ಊಟ ಇಲ್ಲ."

ಪೇಚ್ಚಿ ಗಾಬರಿಯಾದಳು. "ನಂದು ಹೆರಿಗೆ ಕೆಲಸ ತಾತಾ. ಯಾವಾಗ ಕರೀತಾರೋ, ಯಾವಾಗ ಬಿಡ್ತಾರೋ. ಹೊಟ್ಟೆಗಿಲ್ದೆ ಆಗುತ್ತಾ?"

"ನೀನು ಕೊಟ್ಟಲ್ಲಿ ತಿನ್ನು ತಾಯಿ. ಊಟ ಇಲ್ಲ ಅಂದಿದ್ದು ಅವನಿಗೆ."

ಹೀಗೆ ಎರಡನೆಯ ಮೆಟ್ಟಿಲು ಶುರುವಾಯಿತು. ಹೆರಿಗೆಗೆ ಹೊತ್ತುಗೊತ್ತಿಲ್ಲ. ಪೇಚ್ಚಿ ನಸುಕಿನಲ್ಲಿ ಹೋದರೆ ಎಷ್ಟೋ ಸಲ ಸಂಜೆಗೇ ಬರುತ್ತಿದ್ದಳು. ಮುಕ್ಕಾಂಡಿ ಖಾಲಿ ಹೊಟ್ಟೆಯಲ್ಲಿ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ವಡೆಯ ತಟ್ಟೆ ನೋಡುತ್ತಿದ್ದ. ಒಂದು ಚೂರೂ ಮುಟ್ಟಲಿಲ್ಲ, ಅದು ಅವನ ದೊಡ್ಡತನ. ಆದರೆ ಆ ನೋಟಕ್ಕೆ ನನ್ನ ಗಿರಾಕಿಗಳಿಗೆ ವಡೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಂದು ದಿನ ಅವನಿಗೆ ತಡೆಯಲಾಗಲಿಲ್ಲ. "ಸಂಸಾರದಲ್ಲಿ ಇದು ಆಗಲ್ಲ ಅಣ್ಣಾಚಿ. ಶೆಣ್ಬಗಾದೇವಿ ಗುಡಿ ಮೇಲಿನ ಗವಿಗೆ ಹೋಗ್ತೀನಿ. ಪೇಚ್ಚಿಗೆ ಹೇಳಿಬಿಡಿ" ಎಂದವನೇ ಕೈಚೀಲ ಹೆಗಲಿಗೇರಿಸಿ ಕುಟ್ರಾಲದ ಬೆಟ್ಟ ಹತ್ತಿದ.

ಓಡಿ ಹೋಗಿ ಪೇಚ್ಚಿಗೆ ಸುದ್ದಿ ಮುಟ್ಟಿಸಿದೆ. ಅವಳು ಕೇಳಿದ್ದು ಒಂದೇ. "ಕಂಬಳಿ ತಗೊಂಡು ಹೋದ್ರಾ?"

"ಇಲ್ಲಮ್ಮ."

"ಹಾಗಾದ್ರೆ ಬರ್ತಾರೆ ಬಿಡಿ" ಎಂದು ಅಕ್ಕಿ ಆರಿಸುವುದಕ್ಕೆ ಕೂತಳು.

ಬೆಟ್ಟದ ಮೇಲೆ ಆದದ್ದೇ ಬೇರೆ. ಗವಿಯಲ್ಲಿ ಚೀಲ ಬಿಚ್ಚಿದಾಗ ಅಭ್ಯಾಸಬಲದಿಂದ ತಂದಿದ್ದ ಕತ್ತಿಪೆಟ್ಟಿಗೆ ಈಚೆ ಬಿತ್ತು. ಎದುರಿನ ಬಂಡೆಯ ಸನ್ಯಾಸಿಯೊಬ್ಬ ಅದನ್ನು ನೋಡಿದ. ಮಧ್ಯಾಹ್ನದ ಹೊತ್ತಿಗೆ ಗವಿಯ ಮುಂದೆ ಕಾವಿ ಬಟ್ಟೆಯ ಸಾಲೇ ನಿಂತಿತ್ತು. ಒಬ್ಬನಿಗೆ ತಲೆ ಬೋಳಿಸಬೇಕು, ಒಬ್ಬನಿಗೆ ಗಡ್ಡ ತೆಳ್ಳಗಾಗಬೇಕು, ಇನ್ನೊಬ್ಬನಿಗೆ ಜಡೆಯೊಳಗಿನ ಹೇನಿಗೆ ಏನಾದರೂ ಮಾಡಬೇಕು. ಇಡೀ ದಿನ ಅದೇ ಆಯಿತು, ಮರುದಿನವೂ ಅದೇ.

ಕೊನೆಗೆ ಒಬ್ಬ ಮುದಿ ಸನ್ಯಾಸಿ ನುಣುಪಾದ ತಲೆ ಸವರಿಕೊಳ್ಳುತ್ತ ಕೇಳಿದ. "ಚೆನ್ನಾಗಿ ಮಾಡ್ತೀಯಪ್ಪ. ಮನೆಮಠ ಇಲ್ವಾ?"

"ಇದೆ ಸ್ವಾಮಿ. ಹೆಂಡ್ತಿ, ಮಗಳು. ಶಾಂತಿ ಬೇಕು ಅಂತ ಬಂದೆ."

"ಇಲ್ಲಿ ಶಾಂತೀನಾ? ಆ ಪಕ್ಕದ ಗವಿಯವನು ನನ್ನ ಚೊಂಬು ಕದ್ದ ಅಂತ ಹೋದ ಮಳೆಗಾಲದಿಂದ ನಮ್ಮಿಬ್ಬರಿಗೆ ಮಾತಿಲ್ಲ. ಹೋಗು, ಮನೆಗೆ ಹೋಗು. ಹೋಗೋ ಮುಂಚೆ ಮೀಸೆ ಒಂದಿಷ್ಟು ಸರಿ ಮಾಡು."

ಮುಕ್ಕಾಂಡಿ ಬೆಟ್ಟ ಇಳಿದು ಬಂದು ಅಷ್ಟನ್ನೂ ಹೆಂಡತಿಗೆ ಒಪ್ಪಿಸಿದ. ಪೇಚ್ಚಿ ಗೋಡೆ ಹಿಡಿದುಕೊಂಡು ನಕ್ಕಳು. "ಗವೀಲೂ ಅಂಗಡಿ ತೆಗೆದ್ರಾ! ಅದೂ ಬಿಟ್ಟಿ!" ಎನ್ನುತ್ತ ನೆಲಕ್ಕೆ ಕೂತು ನಕ್ಕಳು. ಮೊದಲು ಸಿಡುಕಿದ ಇವನಿಗೂ ನಗು ತಡೆಯಲಾಗಲಿಲ್ಲ. ಅವರಿಬ್ಬರ ನಗು ಕೇಳಿ, ಏನೆಂದು ತಿಳಿಯದೆಯೇ, ಈಚೆ ನಾವೂ ನಕ್ಕೆವು.

ಮನೆಯಲ್ಲಿ ಕೂತು ಹಸಿಯುವುದಕ್ಕಿಂತ ಅವಳ ಜೊತೆಗೇ ಹೋಗುವುದು ಮೇಲು ಎಂದು ಆಮೇಲೆ ಅವನಿಗೆ ಹೊಳೆಯಿತು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ಅವಳ ಚೀಲ ಹೊತ್ತುಕೊಂಡು ಹೆರಿಗೆ ಮನೆಯ ಹೊರಗೆ ಕೂರುತ್ತಿದ್ದ. ಮೇಲಗರಂನಲ್ಲಿ ಒಬ್ಬಳು ಚೊಚ್ಚಲ ಬಸುರಿ. ನೋವು ಬಂದಾಗೆಲ್ಲ ಹುಡುಗಿ ಉಸಿರು ಕಟ್ಟಿ ಕೂಗುತ್ತಿದ್ದಳು. ಹೊರಗೆ ಬೇವಿನ ನೆರಳಲ್ಲಿ ಮುಕ್ಕಾಂಡಿಗೂ ಹೆದರಿಕೆಯಿಂದ ಉಸಿರು ಕಟ್ಟುತ್ತಿತ್ತು. ಆಗ ಒಳಗಿನಿಂದ ಪೇಚ್ಚಿಯ ದನಿ ಕೇಳಿಸಿತು.

"ಹಿಡೀಬೇಡಮ್ಮ, ಬಿಡು. ಬರೋದು ಬರಲಿ, ಹೋಗೋದು ಹೋಗಲಿ. ನನ್ನ ಮುಖ ನೋಡು. ನನ್ನ ಜೊತೆ ಉಸಿರಾಡು. ಹಾಂ... ಹಾಗೇ."

ಇವನೂ ಗೊತ್ತಿಲ್ಲದೆ ಹಾಗೇ ಮಾಡಿದ. ಎಷ್ಟು ಹೊತ್ತು ಕೂತನೋ. ಅವನ ಬಾಯಿಯಷ್ಟೇ ಅಲ್ಲ, ತಲೆಯೊಳಗೆ ಹಗಲಿರುಳು ನಡೆಯುವ ಮಾತೂ ನಿಂತಿತ್ತಂತೆ. ಮಗು ಅತ್ತಿತು. ಮನೆಗೆ ಬಂದ ಮೇಲೆ ನನ್ನ ಬೆಂಚಿನಲ್ಲಿ ಕೂತು, "ಆ ಅಳು ಹೊರಗಿಂದ ಬಂತೋ ನನ್ನೊಳಗಿಂದ ಬಂತೋ ತಿಳೀಲಿಲ್ಲ ಅಣ್ಣಾಚಿ" ಎಂದ. ಹುಡುಗರಾಗಿದ್ದಾಗಿನಿಂದ ಅವನನ್ನು ಬಲ್ಲೆ, ಅವನ ಬಾಯಲ್ಲಿ ಒಂದೇ ವಾಕ್ಯಕ್ಕೆ ಮುಗಿದ ಕತೆ ಅದೊಂದೇ.

ಕೊಳುಂದು ತಾತ ಇದನ್ನು ಕೇಳಿ ಪೇಚ್ಚಿಗೆ ಕೈ ಮುಗಿದರಂತೆ. "ಮೂರನೇದರ ಬಾಗಿಲು ನೀನೇ ತೆಗೆದಿದ್ದೀಯ ತಾಯಿ. ನನಗೆ ಉಳಿದಿದ್ದು ಸ್ವಲ್ಪವೇ" ಎಂದು ಇಬ್ಬರನ್ನೂ ಹಿಪ್ಪೆ ಮರದ ಕೆಳಗೆ ಕೂರಿಸಿ ಉಸಿರಿನ ಪಾಠ ಹೇಳಿದರು. ಆ ಪಾಠ ಏನೆಂದು ನಾನು ಕೇಳಿಲ್ಲ, ಅವರು ಹೇಳಿಲ್ಲ. ಪೇಚ್ಚಿ ಕೂತಲ್ಲೇ ನಿದ್ದೆಹೋಗಿ ಗೊರಕೆ ಹೊಡೆದದ್ದು ಮಾತ್ರ ಗೊತ್ತು.

"ತಾತಾ, ಇವಳು ನೋಡಿ!" ಎಂದು ಮುಕ್ಕಾಂಡಿ ದೂರು ಹೇಳಿದ.

"ನಿದ್ದೆಗೆಟ್ಟು ದುಡಿದವಳು, ಮಲಗಲಿ. ನಿನ್ನ ಉಸಿರು ನೋಡ್ಕೋ ಅಂದೆ. ಅವಳದನ್ನಲ್ಲ."

ಆಮೇಲೆ ಅಂಗಡಿಯಲ್ಲಿ ಮಾತು ಇಳಿಯುತ್ತ ಬಂತು. ಗಿರಾಕಿಗಳಿಗೆ ದಿಗಿಲಾಯಿತು. "ಏನು ಮುಕ್ಕಾಂಡಿ, ಮೈಗೆ ಹುಷಾರಿಲ್ವಾ? ಪೇಚ್ಚಿ ಏನಾದ್ರೂ ಅಂದಳಾ?" ಎಂದು ಕೇಳಿದವರೇ ಕೇಳಿದ್ದು. ಅವನು ನಕ್ಕು ಕತ್ತಿ ಆಡಿಸುತ್ತಿದ್ದ. ಬರಬರುತ್ತ ಅವರೇ ಮಾತಾಡತೊಡಗಿದರು. ಮಗಳ ಮದುವೆ, ಅಣ್ಣತಮ್ಮಂದಿರ ಮುನಿಸು, ಹೊಟ್ಟೆನೋವು, ಎಲ್ಲವನ್ನೂ ಆ ಕುರ್ಚಿಯಲ್ಲಿ ಹೇಳಿ ಹಗುರಾಗಿ ಏಳುತ್ತಿದ್ದರು. ಬಸ್ಸು ತಪ್ಪುವುದು ಮೊದಲಿನಂತೆಯೇ ನಡೆದಿತ್ತು. ಈಗ ತಮ್ಮದೇ ಮಾತಿನಲ್ಲಿ ಮುಳುಗಿ ತಪ್ಪಿಸಿಕೊಳ್ಳುತ್ತಿದ್ದರು.

ಒಂದು ಸಲ ನಾನು ಅವರ ಮನೆಯಲ್ಲಿ ಕೂತಿದ್ದಾಗ, "ನಾಲ್ಕನೇ ಮೆಟ್ಟಿಲು ಎಲ್ಲಿಗೆ ಬಂತಪ್ಪ?" ಅಂದೆ. ಮುಕ್ಕಾಂಡಿ ಪೇಚ್ಚಿಯ ಮುಖ ನೋಡಿದ. ಅವಳು, "ಅದು ತಾನಾಗೇ ಬಂದ್ರೆ ಒಂದು ಎಲೆ ಜಾಸ್ತಿ ಹಾಕಿದ್ರಾಯ್ತು, ಕೂತು ಉಣ್ಣಲಿ" ಎಂದಳು. ಮುಕ್ಕಾಂಡಿ ಆ ಮಾತಿಗೆ ಎಷ್ಟು ಸಂತೋಷಪಟ್ಟನೆಂದರೆ ಕಣ್ಣಲ್ಲಿ ನೀರು ಬಂತು.

ಉಲಗು ಬೆಳೆದಳು, ಶೆಂಗೋಟೆಗೆ ಮದುವೆ ಮಾಡಿ ಕೊಟ್ಟರು. ಚೊಚ್ಚಲಿಗೆ ತವರಿಗೆ ಬಂದಳು. ನೋವು ಶುರುವಾದ ಬೆಳಗ್ಗೆ ಪೇಚ್ಚಿ ಒಳಗೆ ಹೋಗುವ ಮುಂಚೆ, ಎಂದೂ ಇಲ್ಲದ್ದು, ಬಾಗಿಲಲ್ಲಿ ಎರಡು ಸಲ ತಿರುಗಿ ಗಂಡನನ್ನು ನೋಡಿದಳು. ಹೊರಗೆ ಜಗಲಿಯಲ್ಲಿ ನಾನೂ ಮುಕ್ಕಾಂಡಿಯೂ ಇದ್ದೆವು.

"ರೀ, ಅಲ್ಲೇ ಇದ್ದೀರಾ?" ಒಳಗಿನಿಂದ ಕೂಗಿದಳು.

"ಇಲ್ಲೇ ಇದ್ದೀನಿ ಪೇಚ್ಚಿ."

"ಜೋರಾಗಿ ಉಸಿರಾಡಿ. ನಂಗೆ ಕೇಳಿಸ್ಬೇಕು."

ಮುಕ್ಕಾಂಡಿ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಕಮ್ಮಾರನ ತಿದಿಯ ಹಾಗೆ ಉಸಿರಾಡಿದ. ಸ್ವಲ್ಪ ಹೊತ್ತಿಗೆ ಒಳಗಿನ ಎರಡು ಉಸಿರುಗಳು ಅದಕ್ಕೆ ಸೇರಿದವು. ದಾರಿಹೋಕರು ನಿಂತು ನೋಡಿದರು. ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಬಾಣಂತಿಗೆ ಉದ್ದಿನ ಹಿಟ್ಟು ತೊಳಸಿದ ಕಳಿ, ತಾಳೆಬೆಲ್ಲ, ಎಳ್ಳೆಣ್ಣೆ. ಬೀದಿಗೆಲ್ಲ ನನ್ನ ಲೆಕ್ಕದಲ್ಲಿ ಟೀ.

ಮುಂದಿನ ಸಂಕ್ರಾಂತಿ ಕಳೆದು ತೈ ಮಾಸದಲ್ಲಿ ಮಗುವಿನ ಮುಡಿ ತೆಗೆಸುವುದನ್ನು ಪಣ್ಪೊಳಿಯ ಸಮಾಧಿಯ ಮುಂದೆ ಇಟ್ಟುಕೊಂಡರು. ಸೋದರಮಾವನ ಮಡಿಲಲ್ಲಿ ಕೂರಿಸಬೇಕು; ಉಲಗುವಿಗೆ ಅಣ್ಣತಮ್ಮಂದಿರಿಲ್ಲ. ಪೇಚ್ಚಿ ಅಂಗಡಿಗೆ ಬಂದು, "ನೀವೇ ಕೂರ್ಬೇಕು ಅಣ್ಣಾಚಿ" ಎಂದಳು. ನಾನು ಹೊಸ ಪಂಚೆ ಉಟ್ಟು ಹೋಗಿ ಹಿಪ್ಪೆ ಮರದ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತೆ. ಮಗು ಮಡಿಲಿಗೆ ಬಂದದ್ದೇ ಕಿಟಾರನೆ ಕಿರುಚಿತು. ಮುಕ್ಕಾಂಡಿ ತಲೆಗೆ ನೀರು ತಟ್ಟಿ ಮೊದಲ ಗೆರೆ ಎಳೆದ. ಅವನ ಮುಖ ನನ್ನ ಮುಖಕ್ಕೆ ಅಷ್ಟು ಹತ್ತಿರವಿತ್ತು. ಬಾಯಿ ಮುಚ್ಚಿತ್ತು. ಉಸಿರು ಬಂದು ಹೋಗುವುದೂ ಕೈ ಸಾಗುವುದೂ ಒಂದೇ ಆಗಿತ್ತು. ಮಗುವಿನ ಅಳು ಬಿಕ್ಕಾಯಿತು, ಬಿಕ್ಕು ನಿಂತಿತು. ಅರ್ಧ ತಲೆ ಮುಗಿಯುವುದರೊಳಗೆ ನನ್ನ ಎದೆಗೆ ಒರಗಿ ನಿದ್ದೆಹೋಯಿತು.

ತಾತ ಕಣ್ಣು ಮುಚ್ಚಿ ನಿಂತಿದ್ದರು. ಪೇಚ್ಚಿ ಉದುರುವ ಕೂದಲನ್ನು ಸೆರಗಿನಲ್ಲಿ ಹಿಡಿಯುತ್ತಿದ್ದಳು. ನನ್ನಂಥ ಟೀ ಮಾರುವವನಿಗೂ ಆ ಗಳಿಗೆಯಲ್ಲಿ ಬೇಕು ಅನ್ನುವಂಥದ್ದು ಏನೂ ಉಳಿದಿರಲಿಲ್ಲ.

ಕೊನೆಯ ಎಳೆ ತೆಗೆದು ಮುಕ್ಕಾಂಡಿ ಕತ್ತಿ ಕೆಳಗಿಟ್ಟ. ಆಗ ಮಡಿಲು ಬೆಚ್ಚಗಾಯಿತು. ನಾನು ಬಗ್ಗಿ ನೋಡಿದೆ. ಹೊಸ ಪಂಚೆಯೆಲ್ಲ ಒದ್ದೆ.

"ಅಭಿಷೇಕ!" ಎಂದರು ವಡಿವಾಚ್ಚಿ. ಎಲ್ಲರಿಗಿಂತ ಮೊದಲು ಮುಕ್ಕಾಂಡಿ ನಕ್ಕ. ಆ ಗದ್ದಲಕ್ಕೆ ಎಚ್ಚರಾದ ಮಗು ಬೋಳುತಲೆ ಎತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿ ತಾನೂ ಕೇಕೆ ಹಾಕಿತು. ನಾನು ತಾತನ ಹಳೆಯ ಪಂಚೆ ಉಟ್ಟುಕೊಂಡು ಊಟಕ್ಕೆ ಕೂತೆ. ಅದು ನನ್ನ ಮೊಣಕಾಲಿಗಷ್ಟೇ ಬರುತ್ತಿತ್ತು.