ಕಾಲರಿನೊಳಗಿನ ಅರಿಶಿನ

ಮೊನ್ನೆ ಮೊಮ್ಮಗಳ ಹೊಸ ಫ್ರಾಕಿಗೆ ಅರಿಶಿನ ಹಚ್ಚೋಣ ಅಂತ ಡಬ್ಬಿ ತೆಗೆದೆ ನೋಡಿ, ಮಗಳು ಅಡಿಗೆಮನೆಯಿಂದಲೇ ಕೂಗಿದಳು: "ಅಮ್ಮಾ, ಪ್ಲೀಸ್! ಸ್ಟೇನ್ ಆದ್ರೆ ಆಮೇಲೆ ಸೆಲ್ ಮಾಡಕ್ಕಾಗಲ್ಲ." ಮಗು ಇನ್ನೂ ತೊಟ್ಟೇ ಇಲ್ಲ, ಇವಳಿಗಾಗಲೇ ಮಾರುವ ಯೋಚನೆ! ಸಿಟ್ಟು ಬಂತು. ಹಿಂದೆಯೇ ನಗುವೂ ಬಂತು. ಆ ವಿದ್ಯೆ ಕಲಿಸಿದವಳು ನಾನೇ ತಾನೆ?

ತೊಂಬತ್ತರ ದಶಕದಲ್ಲಿ ನಾವು ಅಮೆರಿಕದ ಷಾರ್ಲೆಟ್‌ನಲ್ಲಿದ್ದೆವು. ನನ್ನದು ಗಂಡನ ಬಾಲ ಹಿಡಿದು ಬಂದ ವೀಸಾ, ಕೆಲಸ ಮಾಡುವಂತಿಲ್ಲ. ಬೆಂಗಳೂರಿನಲ್ಲಿ ಟೀಚರ್ ಆಗಿ ಸಂಬಳ ಎಣಿಸಿದವಳು ಬಿಂದಿ ಪ್ಯಾಕೆಟ್ಟಿಗೂ ಇವರ ಮುಖ ನೋಡಬೇಕು. "ಕೇಳಿದ್ರೆ ಕೊಡಲ್ಲ ಅಂತೀನಾ?" ಅನ್ನುತ್ತಿದ್ದರು. ಕೇಳುವುದೇ ಅಲ್ಲವೇ ಕಷ್ಟ! ಹತ್ತಿರದಲ್ಲಿ ಮಕ್ಕಳ ಹಳೇ ಬಟ್ಟೆಯ ಅಂಗಡಿಯೊಂದಿತ್ತು, ಊರೂರಿಗೂ ಅದೇ ಬೋರ್ಡಿನದು. ನಮ್ಮ ಮಕ್ಕಳಿಗೆ ಗಿಡ್ಡವಾದದ್ದನ್ನು ಅವರೇ ಕೊಳ್ಳುತ್ತಿದ್ದರು. ಅಲ್ಲಿ ಒಂದು ಕೆಂಪು ಕೋಟನ್ನು ತಬ್ಬಿಕೊಂಡು ನಾಲ್ಕು ವರ್ಷದ ಮಗಳು ಬಿಡಲೊಲ್ಲಳು. "ನಿಮ್ಮ ಒಂದು ಡಾಲರೂ ಬೇಡ, ನಾನೇ ತರ್ತೀನಿ," ಅಂತ ಇವರ ಮುಂದೆ ಜಂಬ ಕೊಚ್ಚಿದೆ.

ಚೀಲ ತುಂಬ ಅವಳ ಹಳೇ ಫ್ರಾಕು ಹೊತ್ತು ಹೋದೆ. ಕೌಂಟರಿನಾಕೆ ಒಂದೊಂದನ್ನೂ ದೀಪಕ್ಕೆ ಹಿಡಿದಳು. ಎಲ್ಲ ಕಾಲರಿನೊಳಗೂ ಅದೇ ಜಾಗದಲ್ಲಿ ಅದೇ ಹಳದಿ ಚುಕ್ಕೆ. "ಮಸ್ಟರ್ಡ್?" ಅಂದಳು. ನನ್ನ ಮಗಳು ಅಳತೆ ಹಿಡಿದು ಹಾಟ್‌ಡಾಗ್ ಚೆಲ್ಲಿಕೊಳ್ಳುತ್ತಾಳೆ ಅಂದುಕೊಂಡಳೋ ಏನೋ! "ನೋ, ಗುಡ್ ಲಕ್," ಅಂದೆ. ಆಕೆ ಪಾಪ ನಕ್ಕು, ಚೀಲವನ್ನು ಹಾಗೇ ನನ್ನ ಕಡೆ ತಳ್ಳಿದಳು.

ಹೊಸ ಬಟ್ಟೆಗೆ ಅರಿಶಿನ ಹಚ್ಚದೆ ತೊಡಿಸಬೇಡ ಎನ್ನುವುದು ನಮ್ಮತ್ತೆಯ ಅಪ್ಪಣೆ. ಆಗ ಮೈಸೂರಿನಿಂದ ಬಂದು ನಮ್ಮ ಜೊತೆಗೇ ಇದ್ದರು. ಅವರ ಮೇಲಿನ ಕೋಪವನ್ನೆಲ್ಲ ಫ್ರಾಕಿನ ಮೇಲೆ ತೀರಿಸಿಕೊಂಡು ಸೋಪು ಹಾಕಿ ತಿಕ್ಕಿದೆ. ಹಳದಿ ಕೆಂಪಾಯಿತು! ಬಾತ್‌ಟಬ್ಬಿನ ಅಂಚಿನಲ್ಲಿ ಕೂತು ಅತ್ತೇಬಿಟ್ಟೆ. ಅತ್ತೆ ಬಂದು ಇಣುಕಿದರು. "ಅಯ್ಯೋ ಮಂಕೇ, ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕು. ಅರಿಶಿನ ಬಿಸಿಲಿಗೆ ನಿಲ್ಲಲ್ಲ ಕಣೇ."

ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಾರದು ಅಂತ ಅಪಾರ್ಟ್‌ಮೆಂಟಿನ ರೂಲು. ಅತ್ತೆ ಬಿಡಬೇಕಲ್ಲ! ಪಾರ್ಕಿಂಗಿನಲ್ಲಿ ನಮ್ಮ ಕಾರಿನ ಮೇಲೆಲ್ಲ ಫ್ರಾಕು ಹರಡಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಹಪ್ಪಳ ಕಾಯುವವರ ಹಾಗೆ ಎರಡು ದಿನ ಕಾದರು. ಮನೆಯ ಹಳೇ ಸಾಮಾನು ಮಾರುವ ಗ್ಯಾರೇಜ್ ಸೇಲ್ ಅಂದುಕೊಂಡು ರೇಟು ಕೇಳಿದವರಿಗೆಲ್ಲ "ನೋ, ನೋ" ಅಂದರಂತೆ.

ಚುಕ್ಕೆ ಮಾಯವಾಯಿತು, ಫ್ರಾಕು ಹೋದವು, ಕೋಟು ಬಂತು. ಅತ್ತೆ ಅರಿಶಿನದ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದರು! "ಬೇಡಿ ಅತ್ತೆ, ಮುಂದಿನ ವರ್ಷ ಮಾರಬೇಕು," ಅಂತ ಕೋಟನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಅವರು ಡಬ್ಬಿ ಮುಚ್ಚಿದರು.

"ನಿನ್ನ ಸಂಪಾದನೆ, ನಿನ್ನಿಷ್ಟ. ನಾನಂತೂ ಒಂದು ರವಿಕೆ ಕಣವನ್ನೂ ನನ್ನ ದುಡ್ಡಲ್ಲಿ ತಂದವಳಲ್ಲ."

ಬೆನ್ನ ಹಿಂದಿನ ಕೋಟನ್ನು ಮುಂದಕ್ಕೆ ತಂದೆ. ನಾನೇ ಕಾಲರು ಬಿಡಿಸಿ ಅವರ ಮುಂದೆ ಹಿಡಿದೆ.

ಅದೆಲ್ಲ ನೆನಪಾಗಿ, ಮೊನ್ನೆ ನಾನೂ ಡಬ್ಬಿ ಮುಚ್ಚಿ "ನೀನು ದುಡಿದು ತಂದಿದ್ದು, ನಿನ್ನಿಷ್ಟ ಕಣೇ," ಅಂದೆ. ಅಂದು, ಕಾಲರು ನನ್ನ ಮುಂದೆ ಬರಬಹುದೇನೋ ಅಂತ ಸ್ವಲ್ಪ ಕಾದೆ. ಮಗಳು "ಥ್ಯಾಂಕ್ಯೂ ಅಮ್ಮಾ," ಅಂದವಳೇ ಫ್ರಾಕನ್ನು ಹ್ಯಾಂಗರಿಗೆ ಹಾಕಿ ಹೊರಟುಹೋದಳು. ನನ್ನಷ್ಟು ಮೆತ್ತಗಿನವಳಲ್ಲ ಅವಳು, ಒಳ್ಳೆಯದೇ ಆಯಿತು. ಆಮೇಲೆ ಮೊಮ್ಮಗಳನ್ನು ಹತ್ತಿರ ಕರೆದು, ಅವಳ ಗಲ್ಲಕ್ಕೇ ಇಷ್ಟು ಅರಿಶಿನ ಹಚ್ಚಿದೆ. ಅವಳನ್ನಂತೂ ಯಾರೂ ಮಾರುವಂತಿಲ್ಲ.