ಗಂಟಕ್ಕನ ಒಣ ಗಂಟು

ಮಳೆಕಾಡಿನಲ್ಲಿ ಕೆಲವು ದಿನ ನಡೆಯಲು ಹೊರಡುವವರಿಗೆ ಚಾರಣದ ಕಂಪನಿ ಒಂದು ಬಣ್ಣದ ಹಾಳೆ ಕೊಡುತ್ತದೆ. ಬೂಟು ಎಂಥದ್ದಿರಬೇಕು, ಜಿಗಣೆ ಕಚ್ಚಿದರೆ ಹೇಗೆ ಬಿಡಿಸಬೇಕು, ಹತ್ತಿಯ ಬಟ್ಟೆ ಯಾಕೆ ಬೇಡ, ಎಲ್ಲವೂ ಅದರಲ್ಲಿದೆ. ನಿಮ್ಮ ಗುಡಾರ, ನಿಮ್ಮ ಅಕ್ಕಿ, ನಿಮ್ಮ ಮಡಚುವ ಕುರ್ಚಿ ಹೊತ್ತುಕೊಂಡು ನಿಮಗಿಂತ ಮುಂದೆ ಹೋಗುವ ಮನುಷ್ಯ ರಾತ್ರಿ ಏನು ತೊಟ್ಟು ಮಲಗುತ್ತಾನೆ ಎಂಬುದೊಂದು ಮಾತ್ರ ಇಲ್ಲ. ಅದು ನನಗೆ ಗೊತ್ತಾದದ್ದು ಒಂದು ಬೆಳಿಗ್ಗೆ, ಗಂಟಕ್ಕನ ಕೋಣೆಯಲ್ಲಿ, ವ್ಯಾನ್ ಡ್ರೈವರನ ಬಾಯಿಂದ.

ಗಂಟಕ್ಕ ನಮ್ಮ ಬೀದಿಯವಳು. ಮೊದಲು ಬಸ್ಸುಗಳ ಪಾರ್ಸೆಲ್ ಆಫೀಸಿನಲ್ಲಿ ಮೂಟೆ ಕಟ್ಟುತ್ತಿದ್ದಳು. ಅವಳು ಹಾಕಿದ ಗಂಟನ್ನು ಬಿಚ್ಚಲಾಗದೆ ಜನ ಬೈದು ಬೈದು ಆ ಹೆಸರು ಅಂಟಿಸಿದರು. ಆಮೇಲೆ ಚಾರಣದ ಕಂಪನಿಯವರು ಅವಳನ್ನು ಕರೆದುಕೊಂಡರು. ಹಳೇ ಗ್ಯಾರೇಜೊಂದು ಅವಳ ಕೆಲಸದ ಕೋಣೆ. ಶಟರ್ ಎತ್ತಿದರೆ ಒದ್ದೆ ರಬ್ಬರಿನ ವಾಸನೆ ಮುಖಕ್ಕೆ ರಾಚುತ್ತದೆ. ಹಗ್ಗದ ಮೇಲೆ ಗುಡಾರಗಳು, ಗೋಡೆಯುದ್ದಕ್ಕೂ ಹಳೇ ಪೇಪರು ತುರುಕಿಸಿಕೊಂಡ ಬೂಟುಗಳು, ನಡುವೆ ಒಂದು ಉದ್ದನೆಯ ಮೇಜು. ಅವಳು ಹುಟ್ಟಿದ ಮೇಲೆ ಕಾಡಿನೊಳಗೆ ಕಾಲಿಟ್ಟವಳಲ್ಲ. ಕಾಡೆಂದರೆ ಅವಳಿಗೆ ವಾಪಸು ಬಂದ ಬಟ್ಟೆಯ ವಾಸನೆ, ಅಷ್ಟೇ.

ಹೊರೆಯಾಳುಗಳ ಒಣ ಗಂಟು ಕಟ್ಟುವುದು ಅವಳ ಕೆಲಸಗಳಲ್ಲೆಲ್ಲ ದೊಡ್ಡ ಕೆಲಸ. ದೊಡ್ಡದು ಅಂದವರು ಕಂಪನಿಯವರಲ್ಲ, ಅವಳೇ. ಆ ಕಾಡಿನಲ್ಲಿ ಮಳೆ ನಿಂತರೂ ಬಟ್ಟೆ ಒಣಗುವುದಿಲ್ಲ, ಗಾಳಿಯೇ ಒದ್ದೆ. ಹಾಗಾಗಿ ಹಗಲಿಗೊಂದು ಜೊತೆ, ರಾತ್ರಿಗೊಂದು ಜೊತೆ. ಹಗಲಿನದು ಹೇಗೂ ನೆನೆಯುತ್ತದೆ, ಬೆಳಿಗ್ಗೆ ಹಲ್ಲು ಕಚ್ಚಿ ಅದನ್ನೇ ಮತ್ತೆ ತೊಡಬೇಕು. ರಾತ್ರಿಯದನ್ನು ಮಾತ್ರ ಜೀವ ಹೋದರೂ ನೆನೆಯಲು ಬಿಡಬಾರದು. ಒಂದು ಅಂಗಿ, ಒಂದು ಪ್ಯಾಂಟು, ಉಣ್ಣೆಯ ಟೋಪಿ, ಕಾಲುಚೀಲ, ತೆಳ್ಳನೆಯ ಕಂಬಳಿ. ಇವನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೊಣಕಾಲೂರಿ ಗಾಳಿಯನ್ನೆಲ್ಲ ಹೊರದಬ್ಬಿ, ಬಾಯಿ ತಿರುಚಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು, ಅದನ್ನು ತಲೆಕೆಳಗಾಗಿ ಇನ್ನೊಂದು ಚೀಲಕ್ಕಿಳಿಸಿ, ಮೇಲೊಂದು ಬಟ್ಟೆ ಸುತ್ತಿ ತನ್ನ ಗಂಟು ಹಾಕುತ್ತಿದ್ದಳು. ಅದನ್ನು ಬಿಚ್ಚುವುದನ್ನೂ ಮತ್ತೆ ಕಟ್ಟುವುದನ್ನೂ ಆಳುಗಳಿಗೆ ಹೇಳಿಕೊಟ್ಟಿದ್ದಳು. ಕಲಿಯದವನ ತಲೆಗೊಂದು ಮೊಟಕು.

ಆಳುಗಳು ಕಾಡಿನಿಂದ ಮರಳಿ ವ್ಯಾನಿನಿಂದ ಇಳಿಯುವಾಗ ಅವಳು ಬಾಗಿಲಲ್ಲೇ ನಿಂತಿರುತ್ತಿದ್ದಳು. ಮೈಮೇಲೆ ಒಣ ಅಂಗಿ, ಒಣ ಪ್ಯಾಂಟು. ಒಬ್ಬೊಬ್ಬನ ತೋಳು ಹಿಡಿದೆಳೆದು ಅಂಗಿ ಮೂಸುತ್ತಿದ್ದಳು. ಆಮೇಲೆ ಬೀದಿಗೆಲ್ಲ ಕೇಳುವಂತೆ, “ನೋಡ್ರೋ, ಅಷ್ಟು ದಿನ ಮಳೇಲಿದ್ರೂ ಒಂದು ಹನಿ ಒಳಗೆ ಹೋಗಿಲ್ಲ!” ಅನ್ನುವಳು. ಆಳುಗಳು ಹಲ್ಲು ಕಿರಿದು ಮನೆ ಕಡೆ ನಡೆಯುವರು.

ಆ ಆಳುಗಳಲ್ಲಿ ಅವಳ ತಮ್ಮನೂ ಒಬ್ಬ. ಎತ್ತರ ನೋಡಿ ಎಲ್ಲರೂ ಏಣಿ ಅನ್ನುತ್ತಾರೆ. ಅಪ್ಪ ಅಮ್ಮ ಹೋದಾಗ ಅವನಿನ್ನೂ ಅಂಬೆಗಾಲು. ಎತ್ತಿ ಬೆಳೆಸಿದವಳು ಅವಳೇ. ಕಳೆದ ಚಾರಣ ಮುಗಿಸಿ ಬಂದವನೇ ಹಾಸಿಗೆ ಹಿಡಿದ. ಜ್ವರ, ಉಸಿರೆಳೆದರೆ ಎದೆಯಲ್ಲಿ ಗೊರಗೊರ. ಡಾಕ್ಟರು ಅವನ ಬೆನ್ನು ತಟ್ಟಿ ನೋಡಿ, “ಒದ್ದೆ ಬಟ್ಟೇಲಿ ಮಲಗಿದ್ಯೇನಪ್ಪ?” ಅಂದರು. ಉತ್ತರ ಕೊಟ್ಟವಳು ಅಕ್ಕ. “ಛೇ, ಎಲ್ಲಾದ್ರೂ ಇದೆಯಾ ಡಾಕ್ಟ್ರೇ! ನನ್ನ ಗಂಟಿರುತ್ತಲ್ಲ!” ಮೇಲೆ ತಿರುಗುತ್ತಿದ್ದ ಫ್ಯಾನನ್ನೇ ಏಣಿ ನೋಡುತ್ತಿದ್ದನಂತೆ. ಇನ್ನೊಂದು ಸಲ ಹೀಗಾದರೆ ಎದೆ ತಡೆಯುವುದಿಲ್ಲ ಎಂದು ಹೇಳಿ ಡಾಕ್ಟರು ಕಳಿಸಿದರು.

ಅವನು ಎದ್ದು ಓಡಾಡುವಂತಾದ ಮೇಲೆ ಮತ್ತೊಂದು ಚಾರಣ ಬಂತು. ಹೋಗುತ್ತೇನೆ ಅಂದ. ಬೇಡ ಅಂದಳು. ಹೋಗದಿದ್ದರೆ ಜಾಗ ಇನ್ನೊಬ್ಬನ ಪಾಲಾಗುತ್ತದೆ ಅಂದ. ಅವಳು ಅವನ ಗಂಟು ಕಟ್ಟಲು ಕೂತಳು.

ನಾನು ಹೋದದ್ದು ಹೊರಡುವ ಹಿಂದಿನ ದಿನ, ನನ್ನ ಚೀಲದ ಕಿತ್ತುಹೋದ ಜಿಪ್ ಹೊಲಿಸಿಕೊಳ್ಳಲು. ಮೇಜಿನ ಮೇಲೆ ಏಣಿಯ ಗಂಟು ಬಸುರಿಯ ಹಾಗೆ ಉಬ್ಬಿತ್ತು. ಅವಳದೇ ಸ್ವೆಟರ್, ಮಾತ್ರೆಗಳು, ಎದೆಗೆ ಹಚ್ಚುವ ಮುಲಾಮು.

“ಅಕ್ಕ, ನನ್ನ ಮದುವೆ ಮಾಡಿ ಕಳಿಸ್ತಿದ್ದೀಯಾ? ಇಷ್ಟೆಲ್ಲ ಯಾಕೆ?” ಅಂದ ಏಣಿ.

“ಬಾಯ್ಮುಚ್ಚು. ನಿನ್ನ ಕಟ್ಟಿಕೊಳ್ಳೋಳು ಮೊದಲು ಏಣಿ ಹತ್ತೋದು ಕಲೀಬೇಕು.”

ಎಲ್ಲರೂ ನಕ್ಕೆವು. ಆಗಲೇ ವ್ಯಾನ್ ಡ್ರೈವರ್ ಕೀಲಿ ತಿರುಗಿಸುತ್ತಾ ಒಳಗೆ ಬಂದ. ಒಳ್ಳೆಯ ಮನುಷ್ಯ, ನಿದ್ದೆ ಸ್ವಲ್ಪ ಜಾಸ್ತಿ. ಆ ಗಂಟು ನೋಡಿ ಹಣೆ ಚಚ್ಚಿಕೊಂಡ.

“ಗಂಟಕ್ಕಾ, ನಿನ್ನ ದಮ್ಮಯ್ಯ, ಈ ಸಲ ಸ್ವಲ್ಪ ಸಣ್ಣದಾಗಿ ಕಟ್ಟು. ಇವನ್ನೆಲ್ಲ ಹಿಂದಿನ ಸೀಟಿಗೆ ತುಂಬಿದ್ರೆ ನಾನು ಕಾಲು ಚಾಚೋದೆಲ್ಲಿ? ಇವರು ಕಾಡು ದಾಟಿ ಆ ಕಡೆ ಬರೋವರೆಗೂ ನಾನು ವ್ಯಾನಲ್ಲೇ ಬಿದ್ದಿರಬೇಕು ಗೊತ್ತಾ?”

ಗಂಟಕ್ಕ ನಗುತ್ತಲೇ ಕೇಳಿದಳು. “ನಿನ್ನ ಸೀಟಿಗೆ ಯಾಕೋ ತುಂಬ್ತೀಯ? ಅವು ಇವರ ಬೆನ್ನ ಮೇಲಲ್ವಾ ಹೋಗೋದು?”

ಡ್ರೈವರ್ ನಾಲಿಗೆ ಕಚ್ಚಿಕೊಂಡ. ಏಣಿಯ ಮುಖ ನೋಡಿದ. ಏಣಿ ಬೂಟಿನೊಳಗೆ ಪೇಪರು ತುರುಕತೊಡಗಿದ. ಆ ಬೂಟಿನಲ್ಲಿ ಪೇಪರು ಆಗಲೇ ತುಂಬಿತ್ತು.

ನನಗೆ ಅರ್ಥವಾಗುವುದಕ್ಕಿಂತ ಮೊದಲು ಅವಳಿಗೆ ಅರ್ಥವಾಯಿತು. ಮೇಜು ಹಿಡಿದುಕೊಂಡಳು.

“ಏಯ್. ಇಲ್ಲಿ ನೋಡು. ಗಂಟು ಒಳಗೆ ಹೋಗಲ್ವಾ?”

“ಕಾಡಿನ ಗೇಟಲ್ಲಿ ತೂಕ ಹಾಕ್ತಾರೆ ಅಕ್ಕ. ಜಾಸ್ತಿ ಬರುತ್ತೆ. ಮೊದಲು ಇದನ್ನೇ ತೆಗೆಸ್ತಾರೆ.”

“ಯಾವಾಗಿಂದ?”

“ಮೊದಲಿಂದಾನೂ.”

“ಮತ್ತೆ ಬರುವಾಗ ಒಣಬಟ್ಟೆ ಹಾಕ್ಕೊಂಡೇ ಬರ್ತಿದ್ರಲ್ಲೋ!”

“ಆ ಕಡೆ ವ್ಯಾನ್ ಸಿಗುತ್ತಲ್ಲ. ಅದರಲ್ಲೇ ಬದಲಾಯಿಸ್ತೀವಿ.”

“ರಾತ್ರಿ?”

ಏಣಿ ಬೂಟು ಕೆಳಗಿಟ್ಟ. “ಹಾಕ್ಕೊಂಡಿದ್ದರಲ್ಲೇ. ಅಡುಗೆ ಟಾರ್ಪಾಲ್ ಹೊದ್ದು ಒಬ್ಬರಿಗೊಬ್ಬರು ಅಂಟಿಕೊಂಡು ಮಲಗ್ತೀವಿ. ಮೈ ಬಿಸಿಗೆ ಸ್ವಲ್ಪ ಒಣಗುತ್ತೆ.”

“ನಂಗ್ಯಾಕೋ ಹೇಳಲಿಲ್ಲ ಪಾಪಿ?”

“ಹೇಳಿದ್ರೆ ನೀನು ಸುಮ್ನಿರ್ತೀಯಾ? ಜಗಳ ತೆಗೀತೀಯ, ಕೆಲಸ ಹೋಗುತ್ತೆ. ಆಮೇಲೆ…” ಅವನ ದನಿ ಇಳಿಯಿತು. “ಅಂಗಿ ಮೂಸಿ ಅಷ್ಟು ಖುಷಿ ಪಡ್ತಿದ್ದೆ. ಯಾರಿಗೂ ಬಾಯಿ ಬರಲಿಲ್ಲ ಅಕ್ಕ.”

ಗಂಟಕ್ಕ ಸ್ಟೂಲಿನ ಮೇಲೆ ಕುಸಿದಳು. ಅಳಲಿಲ್ಲ. ತನ್ನ ಎರಡು ಕೈಗಳನ್ನೂ ಯಾರದೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡಳು. “ಡಾಕ್ಟ್ರ ಮುಂದೆ ಏನಂದೆ ನಾನು…” ಎಂದು ಒಂದೇ ಒಂದು ಮಾತು. ಡ್ರೈವರ್ ಮೆಲ್ಲನೆ ಹೊರಗೆ ಜಾರಿದ. ನೀರು ಒಳಗಿಳಿಯಲಿಲ್ಲ ಎಂದು ಅವಳು ಇಷ್ಟು ಕಾಲ ಬೀಗಿದ ಗಂಟುಗಳು ನೀರನ್ನು ಕಂಡೇ ಇರಲಿಲ್ಲ!

ಸ್ವಲ್ಪ ಹೊತ್ತಿಗೆ ಅವಳು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆಫೀಸಿಗೆ ನಡೆದಳು. ನಾನೂ ಹಿಂದೆ ಹೋದೆ. ಮ್ಯಾನೇಜರ್ ಸಿಟ್ಟಾಗಲಿಲ್ಲ. ಅವನು ಸಿಟ್ಟಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

“ನೋಡಮ್ಮ, ಒಬ್ಬ ಆಳು ಇಷ್ಟಕ್ಕಿಂತ ಜಾಸ್ತಿ ಹೊರಬಾರದು ಅಂತ ರೂಲ್ಸ್ ಇದೆ. ನಿಮ್ಮೋರ ಒಳ್ಳೇದಕ್ಕೇ ಮಾಡಿರೋದು. ತೂಕ ಜಾಸ್ತಿ ಬಂದ್ರೆ ಏನಾದ್ರೂ ಒಂದು ತೆಗೀಲೇಬೇಕಲ್ಲ.”

“ಕುರ್ಚಿ ತೆಗೀರಿ ಸಾರ್.”

“ಕುರ್ಚಿ ಕೊಡ್ತೀವಿ ಅಂತ ಗೆಸ್ಟ್‌ಗಳಿಗೆ ಹೇಳಿಯಾಗಿದೆ. ಹಾಳೆಯ ಫೋಟೋದಲ್ಲೇ ಇದೆ.”

“ನನ್ನ ತಮ್ಮ ಫೋಟೋದಲ್ಲಿ ಇಲ್ವಾ?”

“ಯಾಕಿಲ್ಲ?” ಅವನು ಹೆಮ್ಮೆಯಿಂದ ಹಾಳೆ ತಿರುಗಿಸಿ ತೋರಿಸಿದ. “ನೋಡಿ, ಮುಂದೇನೇ ಇದ್ದಾನೆ. ಎಷ್ಟು ಚೆನ್ನಾಗಿ ನಗ್ತಿದ್ದಾನೆ!”

ನೋಡಿದೆ. ಮಂಜು, ಹಸಿರು, ಬೆನ್ನ ಮೇಲೆ ಕುರ್ಚಿಗಳ ಹೊರೆ ಹೊತ್ತು ನಗುತ್ತಿರುವ ಏಣಿ. ಅವನ ತೊಯ್ದ ಅಂಗಿ ಮೈಗೆ ಅಂಟಿಕೊಂಡಿದೆ. ಓದುಗರೇ, ನಿಯಮ ಮುರಿದು ಬಡವನ ಹೊಟ್ಟೆಗೆ ಹೊಡೆಯುವವರನ್ನು ನಾವು ಕಂಡಿದ್ದೇವೆ. ಹೊರುವವನ ಬೆನ್ನು ಕಾಯಲು ಮಾಡಿದ ನಿಯಮವನ್ನು ಒಂದಕ್ಷರವೂ ತಪ್ಪದೆ ಪಾಲಿಸಿ, ಅದೇ ಬೆನ್ನಿನಿಂದ ಒಣಬಟ್ಟೆ ಕಿತ್ತುಕೊಳ್ಳುವುದನ್ನು ಎಲ್ಲಿ ಕಂಡಿದ್ದೀರಿ? ಇದಕ್ಕೆ ಯಾವ ಕೋರ್ಟಿನಲ್ಲಿ ದೂರು ಕೊಡುವುದು? ಕಾಗದದಲ್ಲಿ ಎಲ್ಲವೂ ಸರಿಯಿದೆ!

ಗಂಟಕ್ಕ ಕೋಣೆಗೆ ಮರಳಿದಳು. ಶಟರ್ ಅರ್ಧ ಇಳಿಸಿದಳು. ಕಟ್ಟಿಟ್ಟಿದ್ದ ಅಕ್ಕಿಯ ಮೂಟೆ ಬಿಚ್ಚಿದಳು, ಒಣ ಗಂಟುಗಳನ್ನೂ ಬಿಚ್ಚಿದಳು.

“ಏನ್ಮಾಡ್ತಿದ್ದೀಯ ಅಕ್ಕ?” ಅಂದ ಏಣಿ.

“ಹಂಚ್ತಿದ್ದೀನಿ. ಅಂಗಿಯ ಪಕ್ಕ ಅಕ್ಕಿ. ಒಂದೇ ಚೀಲ, ಒಂದೇ ಗಂಟು. ಈಗ ತೆಗೆಸ್ಲಿ ನೋಡೋಣ.”

“ಕೆಲಸ ಹೋಗುತ್ತೆ.”

“ಹೋಗ್ಲಿ. ನಿನ್ನ ಜೀವ ಹೋಗ್ಬಾರದು.”

ಮಾರನೆಯ ಬೆಳಿಗ್ಗೆ ವ್ಯಾನಿನಲ್ಲಿ ಅವಳೂ ಹತ್ತಿ ಕೂತಳು. ನಾನೂ ಹತ್ತಿದೆ, ಬೇಡ ಅನ್ನಲು ಯಾರಿಗೂ ಧೈರ್ಯವಿರಲಿಲ್ಲ. ಕಾಡಿನ ಗೇಟಿನ ಹತ್ತಿರ ಮಳೆ ಹಗ್ಗ ಬಿಟ್ಟ ಹಾಗೆ ಸುರಿಯುತ್ತಿತ್ತು. ಅತಿಥಿಗಳು ಹೊಸ ರೇನ್‌ಕೋಟು ತೊಟ್ಟು ಕಾವಲುಗಾರನ ಶೆಡ್ಡಿನ ಮುಂದೆ ನಿಂತಿದ್ದರು. ಕಾವಲುಗಾರ ಹೊರೆಗಳನ್ನು ತಕ್ಕಡಿಗೆ ತೂಗುಹಾಕಿದ. ಮುಳ್ಳು ಗೆರೆ ದಾಟಿತು.

“ಗಂಟು ತೆಗೀರಿ,” ಅಂದ ಮ್ಯಾನೇಜರ್, ಅಭ್ಯಾಸಬಲ.

“ತೆಗೀರಿ ಸಾರ್,” ಅಂದಳು ಗಂಟಕ್ಕ. “ಊಟದ ಅಕ್ಕಿ ಅದರಲ್ಲೇ ಇದೆ.”

ಅವನು ಗಂಟನ್ನು ಒತ್ತಿ ನೋಡಿದ. “ಬಿಚ್ಚಿ, ಅಕ್ಕಿ ಬೇರೆ ಮಾಡಿ!”

“ಈ ಮಳೇಲಾ? ನೆನೆದ ಅಕ್ಕಿ ನಾಳೆಗೆ ಹುಳಿ ಬರುತ್ತೆ. ನಿಮ್ಮ ಗೆಸ್ಟ್‌ಗಳು ತಿಂತಾರಾ, ನೀವೇ ಕೇಳಿ.”

ಅತಿಥಿಗಳಲ್ಲಿ ಒಬ್ಬ ಹೆಂಗಸು ಹತ್ತಿರ ಬಂದರು. “ಏನಿದೆಯಮ್ಮ ಅದರಲ್ಲಿ?”

“ನಿಮ್ಮ ಅಕ್ಕಿ. ಇವರು ರಾತ್ರಿ ಹಾಕ್ಕೊಳ್ಳೋ ಬಟ್ಟೆ.”

“ಬಟ್ಟೆ ತೆಗೆದುಬಿಟ್ರೆ ಇವರು ಏನು ಹಾಕ್ಕೋತಾರೆ?”

ಶೆಡ್ಡಿನ ತಗಡಿನ ಮೇಲೆ ಮಳೆಯ ಸದ್ದು. ಮ್ಯಾನೇಜರ್ ಒಮ್ಮೆ ಅತಿಥಿಗಳ ಮುಖ ನೋಡಿದ, ಒಮ್ಮೆ ತಕ್ಕಡಿಯ ಮುಳ್ಳು ನೋಡಿದ. ಆಮೇಲೆ ತಾನೇ ಬಗ್ಗಿ ಕುರ್ಚಿಗಳ ಕಟ್ಟು ಬಿಚ್ಚಿದ. ಮುಳ್ಳು ಇಳಿಯಿತು.

“ಕುರ್ಚಿ ಇದೆ ಅಂತ ಹೇಳಿದ್ರಲ್ರೀ,” ಅಂತ ಆ ಹೆಂಗಸಿನ ಗಂಡ ಗೊಣಗಿದ.

“ಕಲ್ಲ ಮೇಲೆ ಕೂತ್ಕೊಳ್ಳಿ, ಏನು ಕರಗಿ ಹೋಗ್ತೀರಾ?” ಅಂದರು ಆಕೆ.

ಗುಂಪು ಮರಗಳ ನಡುವೆ ಮರೆಯಾಯಿತು. ಏಣಿಯ ತಲೆ ಮಾತ್ರ ಸ್ವಲ್ಪ ಹೊತ್ತು ಕಾಣುತ್ತಿತ್ತು. ವ್ಯಾನಿನ ಹಿಂದಿನ ಸೀಟಿನಲ್ಲಿ ಈಗ ಕುರ್ಚಿಗಳು. ಡ್ರೈವರ್ ಒಂದನ್ನು ಬಿಡಿಸಿ ಕೂತು ನೋಡಿ, “ಚೆನ್ನಾಗಿಯೇ ಇದೆ,” ಅಂದ. ಗಂಟಕ್ಕ ಅವನನ್ನು ಸುಟ್ಟುಬಿಡುವ ಹಾಗೆ ನೋಡಿದಳು.

ಮುಂದಿನ ಚಾರಣದಿಂದ ಅಕ್ಕಿಯನ್ನು ಆಫೀಸಿನಲ್ಲೇ ಕಟ್ಟಲಾಗುವುದು ಎಂದು ಅಂದು ಸಂಜೆಯೇ ಅವಳಿಗೆ ತಿಳಿಸಲಾಯಿತು. ಅವಳು ತಲೆಯಾಡಿಸಿದಳು. “ಆಗಲಿ ಸಾರ್. ಉಪ್ಪು, ಬೆಂಕಿಪೊಟ್ಟಣ ಇನ್ನೂ ನನ್ನ ಹತ್ರಾನೇ ಇದೆ.” ಕೆಲಸದಿಂದ ತೆಗೆದರೆ? ತೆಗೆದರೂ ತೆಗೆದಾರು. ಅಲ್ಲಿಯವರೆಗೆ ಅವಳು ಕಟ್ಟುತ್ತಾಳೆ. ಇದನ್ನು ಗೆಲುವು ಎಂದು ಬರೆಯಲು ನನ್ನ ಕೈ ಏಳುವುದಿಲ್ಲ.

ಗುಂಪು ಮರಳುವ ದಿನ ಅವಳು ಶಟರಿನ ಮುಂದೆ ನಿಂತೇ ಇದ್ದಳು. ಮೊದಲು ಇಳಿದವನು ಏಣಿ, ಮೈತುಂಬ ಕೆಸರು, ಕೈಯಲ್ಲಿ ಗಂಟು. ಗಂಟಿಗೆ ಸುತ್ತಿದ ಮೇಲಿನ ಬಟ್ಟೆ ತೊಯ್ದು ತೊಪ್ಪೆಯಾಗಿತ್ತು. ಹೊಗೆ, ಬೆವರು, ಕೊಳೆತ ಎಲೆ, ಎಲ್ಲ ಸೇರಿ ಗಬ್ಬು ನಾತ. ಮೇಲಿನ ಗಂಟು ಯಾರೋ ಕತ್ತಲಲ್ಲಿ ಕಟ್ಟಿದಂತೆ ಸೊಟ್ಟಗಿತ್ತು.

“ಥೂ! ಏನು ವಾಸನೆಯೋ!” ಅಂದಳು. ಅನ್ನುತ್ತಲೇ ಅದನ್ನು ಎದೆಗವಚಿಕೊಂಡಳು.

“ಅಕ್ಕ, ಅಂಗಿ ಮೂಸಲ್ವಾ?”

“ತಿರುಗೋ.”

ಅವನು ತಿರುಗಿ, ಅವಳ ಎತ್ತರಕ್ಕೆ ಮೊಣಕಾಲು ಬಗ್ಗಿಸಿದ. ಅವಳು ಆ ಕೆಸರು ಬೆನ್ನಿಗೆ ಕಿವಿಯಿಟ್ಟಳು.

“ಉಸಿರೆಳಿ.”

ಎಳೆದ.

“ಇನ್ನೊಂದ್ಸಲ.”

ಎಳೆದ. ವ್ಯಾನಿನ ಎಂಜಿನ್ ಇನ್ನೂ ಗುರುಗುಡುತ್ತಿತ್ತು. ಅವಳು ಡ್ರೈವರನ ಕಡೆ ಕೈ ಬೀಸಿ ಕೂಗಿದಳು. “ಅದನ್ನ ಆಫ್ ಮಾಡೋ! ನಂಗೇನೂ ಕೇಳಿಸ್ತಿಲ್ಲ.”

ಅವನು ಆಫ್ ಮಾಡಿದ. ಅವಳು ಕಿವಿ ತೆಗೆಯದೆ ಅಲ್ಲೇ ಕಣ್ಣು ಮುಚ್ಚಿದಳು. ಕೆನ್ನೆಗೆ ಕೆಸರು ಮೆತ್ತಿತ್ತು.

“ಗೊರಗೊರ ಇಲ್ಲ,” ಅಂದಳು.